ಉಂಡ ಎಲೆ ಎತ್ತುವವರು ಯಾರು?

ಡೆಬಿಯನ್ ಲಿನಕ್ಸ್‌ನಲ್ಲಿ ತಂತ್ರಾಂಶ ತೆಗೆದುಹಾಕಲು ಎರಡು ಆಜ್ಞೆಗಳಿವೆ: ರಿಮೂವ್ ಮತ್ತು ಪರ್ಜ್. ರಿಮೂವ್ ಎಂದರೆ ಪ್ಯಾಕೇಜು ಹೋಗುತ್ತದೆ, ಅದರ ಕಾನ್ಫಿಗ್ ಕಡತಗಳು ಉಳಿಯುತ್ತವೆ. ಪರ್ಜ್ ಎಂದರೆ ಅವೂ ಹೋಗುತ್ತವೆ. ಜರ್ಮನಿಗೆ ಬಂದು ಸರ್ವರ್ ನೋಡಿಕೊಳ್ಳುವ ಕೆಲಸ ಹಿಡಿದ ಹೊಸತರಲ್ಲಿ ನನಗೆ ರಿಮೂವ್ ಬರೀ ಸೋಮಾರಿತನವಾಗಿ ಕಾಣುತ್ತಿತ್ತು. ಉಂಡವನು ತನ್ನ ಎಲೆ ತಾನೇ ಎತ್ತಬೇಕು ಎನ್ನುವ ಮನೆಯಲ್ಲಿ ಬೆಳೆದವನು ನಾನು. ಹೋಗುವವನು ಅರ್ಧ ಎಲೆ ಬಿಟ್ಟು ಹೋಗುವುದೇ?

ಡೆಬಿಯನ್‌ನ ಶಿಸ್ತನ್ನು ಮೆಚ್ಚಲು ಅದಕ್ಕಿಂತ ಹಿಂದಿನ ರೂಢಿಯನ್ನು ನೋಡಬೇಕು. ಮೂಲ ಕೋಡನ್ನು ಕಂಪೈಲ್ ಮಾಡಿ ‘ಮೇಕ್ ಇನ್‌ಸ್ಟಾಲ್’ ಎಂದರೆ ಕಡತಗಳು ಹತ್ತು ಡೈರೆಕ್ಟರಿಗಳಿಗೆ ಹಂಚಿಹೋಗುತ್ತಿದ್ದವು. ಯಾವುದು ಎಲ್ಲಿಗೆ ಹೋಯಿತೆಂಬ ಲೆಕ್ಕ ಯಾರ ಬಳಿಯೂ ಇಲ್ಲ. ಬರೆದವರಿಗೆ ಕರುಣೆಯಿದ್ದರೆ ‘ಅನ್‌ಇನ್‌ಸ್ಟಾಲ್’ ಕೂಡ ಇರುತ್ತಿತ್ತು. ಬಡಿಸಲು ನೂರು ಜನ, ಎಲೆ ಎತ್ತಲು ಒಬ್ಬರಿಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್‌ನ ಡಿಪಿಕೆಜಿ ಈ ಲೆಕ್ಕ ಇಡುತ್ತದೆ. ಪ್ರತಿ ಪ್ಯಾಕೇಜು ತಂದ ಕಡತಗಳ ಪಟ್ಟಿ ಅದರಲ್ಲಿದೆ. ತೆಗೆಯುವಾಗ ಆ ಪಟ್ಟಿಯಂತೆ ತೆಗೆಯುತ್ತದೆ. ಡೈರೆಕ್ಟರಿಯಲ್ಲಿ ಬೇರೆಯವರ ವಸ್ತು ಉಳಿದಿದ್ದರೆ ಅದನ್ನು ಮುಟ್ಟುವುದಿಲ್ಲ.

ಕಾನ್ಫಿಗ್ ಕಡತಗಳನ್ನು ಉಳಿಸುವುದರ ಹಿಂದೆಯೂ ಇದೇ ವಿವೇಕವಿದೆ ಎಂದು ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಒಮ್ಮೆ ಆಫೀಸಿನ ಹಳೆಯ ಸರ್ವರೊಂದರಲ್ಲಿ, ಹೊಸದಾಗಿ ಶುರುಮಾಡೋಣವೆಂದು, ಒಂದು ಪ್ಯಾಕೇಜನ್ನು ಪರ್ಜ್ ಮಾಡಿದೆ. ಅದರ ಕಾನ್ಫಿಗ್ ಡೈರೆಕ್ಟರಿಯಲ್ಲಿ ನಿವೃತ್ತರಾದ ಸಹೋದ್ಯೋಗಿಯೊಬ್ಬರು ವರ್ಷಗಟ್ಟಲೆ ಬರೆದ ನಿಯಮಗಳಿದ್ದವು. ಪ್ರತಿ ನಿಯಮದ ಮೇಲೂ ಅದು ಏಕೆ ಬೇಕಾಯಿತೆಂಬ ಟಿಪ್ಪಣಿ. ಇಡೀ ಡೈರೆಕ್ಟರಿ ಹೋಯಿತು. ಇದ್ದ ಬ್ಯಾಕಪ್ ಒಂದು ವರ್ಷ ಹಳೆಯದು. ನಿಯಮಗಳನ್ನು ಮತ್ತೆ ಬರೆದೆ, ಕಾರಣಗಳನ್ನು ಬರೆಯಲಾಗಲಿಲ್ಲ.

ತಪ್ಪು ನನ್ನದೇ, ನೋಡದೆ ಆಜ್ಞೆ ಕೊಟ್ಟೆ. ಆದರೂ ವಿನ್ಯಾಸದ ಮೇಲೆ ನನ್ನದೊಂದು ಆಕ್ಷೇಪವಿದೆ. ಪ್ಯಾಕೇಜು ತಂದದ್ದನ್ನು ಪಟ್ಟಿ ನೋಡಿ ತೆಗೆಯುವ ಡಿಪಿಕೆಜಿ, ಪರ್ಜ್‌ನ ಕೊನೆಯ ಹಂತವನ್ನು ಪ್ಯಾಕೇಜಿನ ಜೊತೆ ಬಂದ ಒಂದು ಸ್ಕ್ರಿಪ್ಟಿಗೆ ಒಪ್ಪಿಸುತ್ತದೆ. ಆ ಸ್ಕ್ರಿಪ್ಟಿಗೆ ರೂಟ್ ಅಧಿಕಾರವಿದೆ, ಪಟ್ಟಿಯ ಹಂಗಿಲ್ಲ. ಪ್ಯಾಕೇಜು ತರದ, ಮನುಷ್ಯರು ಬರೆದಿಟ್ಟ ಕಡತವನ್ನೂ ಅದು ಅಳಿಸಬಲ್ಲದು. ಮುಂಚಿತವಾಗಿ ತೋರಿಸು ಎಂದು ಎಪಿಟಿಯನ್ನು ಕೇಳಿದರೆ ಹೋಗಲಿರುವ ಪ್ಯಾಕೇಜುಗಳ ಹೆಸರು ಹೇಳುತ್ತದೆ. ಸ್ಕ್ರಿಪ್ಟ್ ಯಾವ ಕಡತಕ್ಕೆ ಕೈಹಾಕುತ್ತದೆಂದು ಹೇಳುವುದಿಲ್ಲ. ಇನ್ನೊಂದು ಕಡೆ, ಬಳಕೆದಾರರ ಹೋಮ್ ಡೈರೆಕ್ಟರಿಯನ್ನು ಪರ್ಜ್ ಮುಟ್ಟುವುದೇ ಇಲ್ಲ. ಅಲ್ಲಿ ಕಸ ಉಳಿದರೂ ಅದು ಸರಿ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಅದು ಪರರ ಕೋಣೆ.

ಈಲ್ಕೊ ಡೋಲ್‌ಸ್ಟ್ರಾ ಅವರು 2006ರ ಪಿಎಚ್‌.ಡಿ. ಪ್ರಬಂಧದಲ್ಲಿ ವಿವರಿಸಿದ ನಿಕ್ಸ್ ಪದ್ಧತಿ ಇನ್ನೂ ಅಚ್ಚುಕಟ್ಟು. ಪ್ರತಿ ಪ್ಯಾಕೇಜಿಗೂ ಪ್ರತ್ಯೇಕ ಜಾಗ. ಯಾರಿಗೂ ಬೇಡವಾದದ್ದನ್ನು ಆಮೇಲೆ ಗುಡಿಸುತ್ತಾರೆ. ಆದರೆ ಪ್ಯಾಕೇಜು ಓಡುವಾಗ ಹುಟ್ಟುವ ದತ್ತಾಂಶ ಆ ಜಾಗದ ಹೊರಗೇ ಇರುತ್ತದೆ. ಅದರ ಗತಿಯನ್ನು ಅಲ್ಲಿಯೂ ಮನುಷ್ಯರೇ ನಿರ್ಧರಿಸಬೇಕು.

ಎಷ್ಟು ಗುಡಿಸಿತು ಎಂಬುದರಿಂದ ಇಂಥ ಸಾಧನವನ್ನು ಅಳೆಯಲಾಗದು. ಯಾವುದು ಯಾರದೆಂದು ಅದಕ್ಕೆ ಗೊತ್ತಿದೆಯೇ ಎಂದು ಕೇಳಬೇಕು. ಆ ಪರೀಕ್ಷೆಯಲ್ಲಿ ರಿಮೂವ್ ಗೆಲ್ಲುತ್ತದೆ, ಪರ್ಜ್ ಅರ್ಧ ಸೋಲುತ್ತದೆ. ನಾನೀಗ ಮೊದಲು ರಿಮೂವ್ ಮಾಡುತ್ತೇನೆ. ಉಳಿದ ಕಡತಗಳನ್ನು ಒಂದೊಂದಾಗಿ ತೆರೆದು ಓದಿ, ನಕಲು ತೆಗೆದಿಟ್ಟು, ಪರ್ಜ್ ಆಮೇಲೆ. ಎಲೆ ಎತ್ತುವ ಮುಂಚೆ ಪಕ್ಕದವರ ಊಟ ಮುಗಿಯಿತೇ ಎಂದು ನೋಡುವುದನ್ನೂ ನಮ್ಮ ಮನೆಯಲ್ಲಿ ಕಲಿಸಿದ್ದರು. ಅದನ್ನು ನಾನು ಮರೆತಿದ್ದೆ.