ಎಚ್‌ಪಿ ಆಮೇಲೆ, ಮೊದಲು ತೂಕ

ಟ್ರ್ಯಾಕ್ಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ಸಾಸ್ವೆಹಳ್ಳಿಯ ಯಾವ ಚಹಾದಂಗಡಿಯಲ್ಲಿ ಕೂತರೂ ಇದೇ ಮಾತು: ಇವರದು ಮೂವತ್ತೊಂಬತ್ತು, ಅವರದು ಐವತ್ತು. ಟ್ರೇಲರಿನ ಮಾತು ಬರುವುದು ಕೊನೆಗೆ, ಅದೂ ಹತ್ತಡಿಯೋ ಹನ್ನೊಂದಡಿಯೋ ಎಂಬಷ್ಟಕ್ಕೆ. ಇಂಜಿನ್, ಅಂದರೆ ಟ್ರ್ಯಾಕ್ಟರೊಂದೇ, ಎಷ್ಟು ತೂಗುತ್ತದೆ, ಟ್ರೇಲರಿನ ಅಚ್ಚು ಎಲ್ಲಿ ಕೂತಿದೆ, ಹೇರಿದ ಮೇಲೆ ಬ್ರೇಕ್ ತುಳಿದರೆ ಎಷ್ಟು ದೂರಕ್ಕೆ ನಿಲ್ಲುತ್ತದೆ ಎಂದು ಕೇಳುವವರು ಕಡಿಮೆ. ಇಂಜಿನ್ ಟ್ರೇಲರುಗಳ ಜೋಡಿ ಹೊಂದುವುದೂ ಹೊಂದದಿರುವುದೂ ಈ ಮೂರರಲ್ಲೇ ಇದೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಎತ್ತಿನ ಗಾಡಿಗೆ ಚೀಲ ಹೇರುವಾಗ ಒಬ್ಬ ಮೂಕಿ ಹಿಡಿದೇ ನಿಂತಿರುತ್ತಿದ್ದ. ಮೂಕಿ ಕೈಗೆ ಭಾರವಾಗಿ ಇಳಿದರೆ, ‘ಮುಂಭಾರ ಆತು, ಎರಡು ಚೀಲ ಹಿಂದಕ್ಕೆಳೀರಪ್ಪ’ ಎನ್ನುತ್ತಿದ್ದ. ಮೂಕಿ ಮೇಲೆದ್ದರೆ ಹಿಂಭಾರ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಬಾಯುತ್ತದೆ, ಹಿಂಭಾರವಾದರೆ ಏರು ಹತ್ತುವಾಗ ನೊಗ ಮೇಲೆದ್ದು ಕೊರಳಿಗೆ ಬರುತ್ತದೆ. ಸ್ವಲ್ಪ ಮುಂಭಾರ ಇರಲೇಬೇಕು, ಅತಿಯಾಗಬಾರದು. ಎತ್ತು ಹೋಗಿ ಇಂಜಿನ್ ಬಂದಾಗ ಮೂಕಿಯ ಜಾಗಕ್ಕೆ ಕಬ್ಬಿಣದ ಚಾನಲ್ ಬಂತು. ಅದನ್ನು ಕೈಯಲ್ಲಿ ಹಿಡಿದು ನೋಡುವವರು ಇಲ್ಲವಾದರು. ಕಬ್ಬಿಣ ನೋವು ಹೇಳುವುದಿಲ್ಲವಾದ್ದರಿಂದ ಹೇರಿಕೆಗೆ ಲಂಗುಲಗಾಮು ತಪ್ಪಿತು.

ಕಾರಿನ ಹಿಂದೆ ಮನೆಯಂಥ ಟ್ರೇಲರ್ ಕಟ್ಟಿಕೊಂಡು ಊರೂರು ಸುತ್ತುವ ದೇಶಗಳಲ್ಲಿ ಈ ಮುಂಭಾರಕ್ಕೆ ಲೆಕ್ಕವೇ ಇದೆ. ಅಮೆರಿಕದಲ್ಲಿ ಟ್ರೇಲರಿನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಕೂರಬೇಕು ಎನ್ನುತ್ತಾರೆ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡತೊಡಗಿ ಕಾರನ್ನೇ ರಸ್ತೆಯಿಂದ ಎಳೆದು ಹಾಕುತ್ತದೆ. ಬ್ರಿಟನ್ನಿನಲ್ಲಿ, ತುಂಬಿದ ಟ್ರೇಲರಿನ ತೂಕ ಕಾರಿನ ತೂಕದ ಶೇ 85ರೊಳಗಿರಲಿ ಎಂದು ಹೊಸಬರಿಗೆ ಹೇಳಿಕೊಡುತ್ತಾರೆ. ಎಳೆಯುವುದು ಯಾವತ್ತೂ ಎಳೆಸಿಕೊಳ್ಳುವುದಕ್ಕಿಂತ ಭಾರವಿರಲಿ ಎಂಬುದು ಅಲ್ಲಿಯವರ ಬುದ್ಧಿಮಾತು. ನಮ್ಮ ಹೊನ್ನಾಳಿ ರಸ್ತೆಯಲ್ಲಿ 1,800 ಕೆ.ಜಿ. ಇಂಜಿನ್ 6,000 ಕೆ.ಜಿ. ಟ್ರೇಲರನ್ನು ಎಳೆದುಕೊಂಡು ಹೋಗುತ್ತಿರುತ್ತದೆ. ಇದು ಸಾಧ್ಯವಾಗಿರುವುದು ವೇಗ ಕಡಿಮೆ ಇರುವುದರಿಂದ, ಮತ್ತು ಅದೊಂದರಿಂದಲೇ. ಈಗಿನ ಹೊಸ ಇಂಜಿನ್ನುಗಳು ಟಾಪ್ ಗೇರಿನಲ್ಲಿ ಗಂಟೆಗೆ 30–35 ಕಿ.ಮೀ. ಓಡುತ್ತವೆ. 20ರಿಂದ 35ಕ್ಕೆ ಏರಿದರೆ ತಡೆದು ನಿಲ್ಲಿಸಬೇಕಾದ ಶಕ್ತಿ ಮೂರು ಪಟ್ಟಾಗುತ್ತದೆ. ಟ್ರೇಲರ್ ಮಾತ್ರ ಅಪ್ಪನ ಕಾಲದ್ದೇ ಇರುತ್ತದೆ.

ಹೇರುವ ಮಾಲಿನ ಲೆಕ್ಕ ಮೊದಲು ನೋಡೋಣ. ಹತ್ತಡಿ ಉದ್ದ, ಆರಡಿ ಅಗಲ, ಎರಡಡಿ ಎತ್ತರದ ಡಬ್ಬಿ ಎಂದರೆ 120 ಘನ ಅಡಿ, ಸುಮಾರು 3.4 ಘನ ಮೀಟರ್. ಭದ್ರಾ ನಾಲೆಯ ನೀರು ಕುಡಿದು ಬೆಳೆದ ಭತ್ತವನ್ನು ಕೊಯ್ಲು ಮೆಷಿನ್ನಿನಿಂದ ನೇರ ಅದಕ್ಕೆ ಸುರಿದರೆ, ಅಂಚಿನ ಮಟ್ಟಕ್ಕೆ ಎರಡು ಟನ್ ಹಿಡಿಯುತ್ತದೆ. ನ್ಯಾಮತಿ ಕಡೆಯ ಮೆಕ್ಕೆಜೋಳವಾದರೆ ಎರಡೂವರೆ ಟನ್ನಿನ ಆಸುಪಾಸು. ಅದೇ ಡಬ್ಬಿಗೆ ಒಣ ಮರಳು ತುಂಬಿದರೆ ಐದೂವರೆ ಟನ್. ಮರಳು ಒದ್ದೆಯಿದ್ದರೆ ಆರು ದಾಟುತ್ತದೆ. ಕೆರೆಗೋಡೂ ಹಾಗೇ. ನೋಡುವ ಕಣ್ಣಿಗೆ ಎಲ್ಲವೂ ‘ಒಂದು ಲೋಡು’. ಭತ್ತಕ್ಕೆ ಹೊಂದಿದ ಜೋಡಿಯನ್ನೇ ಮರಳಿಗೂ ಹೂಡಿದರೆ ಮೂರು ಪಟ್ಟು ಭಾರ ಹೊರಿಸಿದಂತಾಯಿತು.

ಈಗ ಆ ಜೋಡಿಯನ್ನು ಗದ್ದೆಗೆ ಇಳಿಸಿ. 1,800 ಕೆ.ಜಿ. ಇಂಜಿನ್, ಅದರಲ್ಲಿ ಹಿಂದಿನ ಚಕ್ರಗಳ ಮೇಲೆ 1,150, ಮುಂದಿನವುಗಳ ಮೇಲೆ 650. ಖಾಲಿ ಟ್ರೇಲರ್ 1,200 ಕೆ.ಜಿ. ಎರಡು ಟನ್ ಭತ್ತ ಹೇರಿದರೆ ಒಟ್ಟು ಐದು ಟನ್. ಹಸಿ ಪೂರ್ತಿ ಆರದ ಗದ್ದೆಯಲ್ಲಿ ಚಕ್ರ ಹೂಳುತ್ತ ಸಾಗಬೇಕಾದ್ದರಿಂದ, ಒಟ್ಟು ತೂಕದ ಶೇ 12ರಷ್ಟಾದರೂ ಎಳೆತ ಬೇಕು, ಅಂದರೆ 600 ಕೆ.ಜಿ. ಹಿಂದಿನ ಚಕ್ರಗಳಿಗೆ ಅಂಥ ನೆಲದಲ್ಲಿ ಸಿಗುವ ಹಿಡಿತ ಅವುಗಳ ಮೇಲಿರುವ ಭಾರದ ಶೇ 40ರಷ್ಟು. ಟ್ರೇಲರ್ ಕೊಂಡಿಯ ಮೇಲೆ 300 ಕೆ.ಜಿ. ಮುಂಭಾರ ಕೊಟ್ಟರೆ, ಕೊಂಡಿ ಅಚ್ಚಿಗಿಂತ ಹಿಂದಿರುವುದರಿಂದ ಹಿಂದಿನ ಚಕ್ರಗಳಿಗೆ 400ರಷ್ಟು ಸೇರುತ್ತದೆ. ಒಟ್ಟು 1,550, ಹಿಡಿತ 620. ಬಿಗಿಹಿಡಿದು ದಾಟುತ್ತದೆ. ಇದೇ ನೆಲದಲ್ಲಿ ಐದು ಟನ್ ಹೇರಿದರೆ 960 ಕೆ.ಜಿ. ಎಳೆತ ಬೇಕು. ಮುಂಭಾರ 600ಕ್ಕೆ ಏರಿದರೂ ಹಿಡಿತ 790ರ ಹತ್ತಿರ ನಿಂತುಬಿಡುತ್ತದೆ. ಚಕ್ರ ತಿರುಗಿ ಗುಂಡಿ ತೋಡುತ್ತದೆ.

ಈ 960 ಕೆ.ಜಿ.ಯನ್ನು ಗಂಟೆಗೆ ನಾಲ್ಕು ಕಿ.ಮೀ. ವೇಗದಲ್ಲಿ ಎಳೆಯಲು ಬೇಕಾದ ಶಕ್ತಿ ಎಷ್ಟು? ಹದಿನೈದು ಎಚ್‌ಪಿಗೂ ಕಡಿಮೆ. ಇಂಜಿನ್ನಿನಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಶಕ್ತಿ ಕೂತಿದೆ. ಸಾಲದಿರುವುದು ತೂಕ ಮತ್ತು ಟಯರು. ಹೀಗೆ ಹೂತುಕೊಂಡವರು ಮುಂದಿನ ವರ್ಷ ಸಾಲ ಮಾಡಿ ಐವತ್ತರ ಇಂಜಿನ್ ತರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆ ಇಂಜಿನ್ ಗದ್ದೆ ದಾಟಿಸುವುದು ನಿಜ. ಆದರೆ ದಾಟಿಸುವುದು ಅದರ ಹೆಚ್ಚುವರಿ ಮೂರು ನಾಲ್ಕು ಕ್ವಿಂಟಲ್ ತೂಕ ಮತ್ತು 13.6–28ರ ಬದಲು ಬಂದ 14.9–28 ಟಯರು. ಹಳೆಯ ಇಂಜಿನ್ನಿನ ಹಿಂದಿನ ಟಯರುಗಳಿಗೆ ಮುಕ್ಕಾಲು ಭಾಗ ನೀರು ತುಂಬಿಸಿದ್ದರೆ ಎರಡೂ ಸೇರಿ ಸುಮಾರು ನಾಲ್ಕು ಕ್ವಿಂಟಲ್ ಸಿಗುತ್ತಿತ್ತು, ಖರ್ಚು ಪಂಕ್ಚರ್ ಅಂಗಡಿಯವರ ಕೂಲಿಯಷ್ಟೇ. ಗದ್ದೆಯ ಕೆಲಸ ಮುಗಿದ ಮೇಲೆ ಆ ನೀರು ಇಳಿಸುವುದನ್ನು ಮರೆಯಬಾರದು. ಇಲ್ಲದಿದ್ದರೆ ವರ್ಷವಿಡೀ ನೀರು ಹೊರಲಿಕ್ಕೆ ಡೀಸೆಲ್ ಸುಟ್ಟಂತಾಗುತ್ತದೆ.

ಎಚ್‌ಪಿ ಬೇಕಾಗುವುದು ರಸ್ತೆಯ ಏರಿನಲ್ಲಿ. ನೂರಕ್ಕೆ ಐದು ಅಡಿ ಏರುವ ಡಾಂಬರು ರಸ್ತೆಯಲ್ಲಿ ಎಂಟು ಟನ್ ಜೋಡಿಗೆ ಸುಮಾರು 600 ಕೆ.ಜಿ. ಎಳೆತ ಬೇಕು. ಅದನ್ನು ಗಂಟೆಗೆ 20 ಕಿ.ಮೀ.ನಲ್ಲಿ ಹತ್ತಿಸಲು 44 ಎಚ್‌ಪಿ, 10ರಲ್ಲಿ ಹತ್ತಿಸಲು 22. ಅವಸರವಿಲ್ಲದವನಿಗೆ ಸಣ್ಣ ಇಂಜಿನ್ನೂ ಸಾಕು. ಹೊಂದಿಕೆಯಾದ ಜೋಡಿಯೊಂದು ನಾಲೆಯ ಏರಿ ಹತ್ತುವಾಗ ಗೇರ್ ಒಮ್ಮೆ ಇಳಿದು, ಸದ್ದು ಒಂದೇ ಸಮ ನಿಂತು, ಸೈಲೆನ್ಸರಿನ ಹೊಗೆ ತೆಳ್ಳಗೇ ಇರುತ್ತದೆ. ಆ ಸದ್ದು ಕೇಳುವುದು ನನಗೆ ದೊಡ್ಡ ಸಂತೋಷ.

ಅಚ್ಚಿನ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯ ಹೆಚ್ಚಿನ ಟ್ರೇಲರುಗಳು ರಸ್ತೆಬದಿಯ ವೆಲ್ಡಿಂಗ್ ಶೆಡ್ಡುಗಳಲ್ಲಿ ಹುಟ್ಟುತ್ತವೆ. ಕಟ್ಟುವವರು ಕೈಪಳಗಿದವರು, ಕೇಳಿದ ಹಾಗೆ ಕಟ್ಟಿಕೊಡುತ್ತಾರೆ, ನಾವು ಕೇಳಬೇಕು. ಎರಡು ಚಕ್ರದ ಟ್ರೇಲರಿನಲ್ಲಿ ಅಚ್ಚು ಡಬ್ಬಿಯ ನಟ್ಟನಡುವೆ ಕೂತರೆ ಮುಂಭಾರವೇ ಇರುವುದಿಲ್ಲ. ನಡುವಿನಿಂದ ಒಂದಡಿ ಹಿಂದಕ್ಕೆ ಕೂರಿಸಿದರೆ ಸಮನಾಗಿ ಹೇರಿದ ಭಾರದ ಹತ್ತರಲ್ಲೊಂದು ಪಾಲು ಕೊಂಡಿಗೆ ಬರುತ್ತದೆ. ಒಂದೂವರೆ ಅಡಿಗೆ ಸರಿಸಿದರೆ ಶೇ 13–14. ಒಂದು ಅಂಗೈ ಅಗಲದ ವ್ಯತ್ಯಾಸ ಇಡೀ ಜೋಡಿಯ ನಡೆಯನ್ನೇ ಬದಲಿಸುತ್ತದೆ.

ಈ ವಿದ್ಯೆಯನ್ನು ಟ್ರ್ಯಾಕ್ಟರಿಗೆ ಶಾಸ್ತ್ರೀಯವಾಗಿ ಹೊಂದಿಸಿದವರಲ್ಲಿ ಐರ್ಲೆಂಡಿನ ಹ್ಯಾರಿ ಫರ್ಗುಸನ್ ಮುಖ್ಯರು. 1946ರಲ್ಲಿ ಹೊರಬಂದ ಅವರ ಟಿಇ20 ಇಂಜಿನ್ ಹಗುರವಾಗಿತ್ತು. ಹಗುರ ಇಂಜಿನ್ನಿಗೆ ಹಿಡಿತ ಎಲ್ಲಿಂದ ತರುವುದು? ಅದಕ್ಕಾಗಿ ಮಾಡಿದ ಟ್ರೇಲರಿನಲ್ಲಿ ಚಕ್ರಗಳನ್ನು ಸಾಕಷ್ಟು ಹಿಂದಕ್ಕಿಟ್ಟು, ಹೊರೆಯ ಒಂದು ಪಾಲನ್ನು ಇಂಜಿನ್ನಿನ ಹಿಂದಿನ ಚಕ್ರಗಳಿಗೇ ಹೊರಿಸಿದರು. ಹೊರೆ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತಿತ್ತು. ಆ ಪರಂಪರೆಯ ಮ್ಯಾಸಿ ಫರ್ಗುಸನ್ ಜೊತೆಗೂಡಿಯೇ 1960ರಲ್ಲಿ ಚೆನ್ನೈನ ಟಾಫೆ ಶುರುವಾದದ್ದು. ನಮ್ಮ ಊರುಗಳ ಕೆಂಪು ಮ್ಯಾಸಿಗಳು ಆ ಮನೆತನದವು.

ಮುಂಭಾರ ಅತಿಯಾದರೆ ಬೇರೆ ಅಪಾಯ. ಕೊಂಡಿಗೆ ಬಿದ್ದ 600 ಕೆ.ಜಿ. ಮುಂದಿನ ಚಕ್ರಗಳ ಮೇಲಿಂದ 220ರಷ್ಟನ್ನು ಎತ್ತಿಬಿಡುತ್ತದೆ. ಉಳಿಯುವುದು 430. ಏರು ಹತ್ತುವಾಗ ಅದೂ ಕರಗುತ್ತದೆ. ಸ್ಟೇರಿಂಗ್ ಹಗುರಾಯಿತು ಎಂದರೆ ಇಂಜಿನ್ ಮೂತಿ ಎತ್ತಲು ಹೊರಟಿದೆ ಎಂದೇ ತಿಳಿಯಬೇಕು. ಮುಂದಿನ ಬಂಪರಿಗೆ ಕಂಪನಿಯ ವೇಟ್ ಕಟ್ಟುವುದು ಸರಿಯಾದ ದಾರಿ. ಬಾನೆಟ್ ಮೇಲೆ ಹುಡುಗರನ್ನು ಕೂರಿಸುವುದು ಜೀವದ ಜೊತೆ ಆಡುವ ಆಟ. ಹೂತ ಟ್ರೇಲರ್ ಎಳೆಯಲು ಸರಪಳಿಯನ್ನು ಟಾಪ್ ಲಿಂಕಿನ ಜಾಗಕ್ಕೆ ಬಿಗಿಯುವುದಂತೂ ಎಂದಿಗೂ ಕೂಡದು. ಅಚ್ಚಿಗಿಂತ ಮೇಲಿನಿಂದ ಎಳೆದರೆ ಇಂಜಿನ್ ಹಿಂದಕ್ಕೆ ಮಗುಚುತ್ತದೆ. ಚಾಲಕನಿಗೆ ಜಿಗಿಯಲು ಸಮಯವೂ ಸಿಗುವುದಿಲ್ಲ.

ಬ್ರೇಕಿನ ವಿಷಯದಲ್ಲಿ ನನಗೆ ರಾಜಿಯಿಲ್ಲ. ಟೂ ವೀಲ್ ಡ್ರೈವ್ ಇಂಜಿನ್ನಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ನಮ್ಮ ಬಹುಪಾಲು ಟ್ರೇಲರುಗಳಿಗೆ ಬ್ರೇಕೇ ಇಲ್ಲ. ಒಣ ಡಾಂಬರಿನಲ್ಲಿ ಗಂಟೆಗೆ 30 ಕಿ.ಮೀ. ಓಡುತ್ತಿರುವ ಒಂಟಿ ಇಂಜಿನ್, ಬ್ರೇಕ್ ತುಳಿದ ಮೇಲೆ ಹನ್ನೊಂದು ಮೀಟರಿನ ಸುತ್ತಮುತ್ತ ನಿಲ್ಲಬಹುದು. ಐದು ಟನ್ ಮರಳು ಹಿಂದಿದ್ದರೆ ಇಪ್ಪತ್ತನಾಲ್ಕು ಮೀಟರ್ ಬೇಕು. ಅದೂ ಎರಡೂ ಪೆಡಲ್ ಒಟ್ಟಿಗೆ ಕೊಂಡಿ ಹಾಕಿದ್ದರೆ. ಗದ್ದೆಯಲ್ಲಿ ತಿರುಗಲು ಬಿಡಿಸಿದ ಪೆಡಲನ್ನು ಹಾಗೇ ಬಿಟ್ಟು ರಸ್ತೆಗೆ ಬಂದು ಒಂದನ್ನೇ ತುಳಿದರೆ ಇಂಜಿನ್ ಅಡ್ಡ ತಿರುಗುತ್ತದೆ, ಟ್ರೇಲರ್ ಹಿಂದಿನಿಂದ ಬಂದು ಮಡಚಿಹಾಕುತ್ತದೆ. ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವ ಚಾಳಿ ಇದಕ್ಕಿಂತ ಕೆಟ್ಟದ್ದು. ಹತ್ತಲು ಯಾವ ಗೇರ್ ಬೇಕಿತ್ತೋ ಇಳಿಯಲೂ ಅದೇ ಇರಲಿ. ಹೊಸದಾಗಿ ಟ್ರೇಲರ್ ಕಟ್ಟಿಸುವವರು ಒಂದಡಿ ಉದ್ದ ಕಡಿಮೆ ಮಾಡಿಸಿಯಾದರೂ ಆ ದುಡ್ಡಿನಲ್ಲಿ ಟ್ರೇಲರಿಗೆ ಬ್ರೇಕ್ ಹಾಕಿಸಲಿ. ಪಿನ್ನಿನ ಜಾಗಕ್ಕೆ ಸರಳಿನ ತುಂಡು ತುರುಕುವುದು ಬಿಡಲಿ. ಲಾಕ್ ಇರುವ ಪಿನ್ನು, ಜೊತೆಗೊಂದು ಸರಪಳಿ, ಹಿಂದಿನ ಹಲಗೆಗೆ ರೇಡಿಯಂ ಇರಲೇಬೇಕು.

ಭರತ ಹುಣ್ಣಿಮೆ ಬಂತೆಂದರೆ ಮೈಲಾರದ ಕಾರ್ಣಿಕಕ್ಕೆ ಹೊರಡುವ ಜನ, ಅಮಾವಾಸ್ಯೆಗೆ ಉಕ್ಕಡಗಾತ್ರಿಯ ಅಜ್ಜಯ್ಯನಲ್ಲಿಗೆ ಹೋಗುವ ಜನ, ಎಲ್ಲರಿಗೂ ಹಿಂದೆ ಕಮಾನು ಕಟ್ಟಿದ ಬಂಡಿ ಇತ್ತು. ಈಗ ಟ್ರೇಲರಿಗೇ ಬಿದಿರಿನ ಕಮಾನು ಬಗ್ಗಿಸಿ, ತಾಡಪಾಲು ಹೊದಿಸಿ, ಹುಲ್ಲಿನ ಮೇಲೆ ಜಮಖಾನ ಹಾಸಿ, ಒಲೆ, ಪಾತ್ರೆ, ರೊಟ್ಟಿ ಬುತ್ತಿ ಸಮೇತ ಸಂಸಾರವೇ ಹೊರಡುತ್ತದೆ. ಆ ಸಡಗರ ನನಗೂ ಪ್ರಿಯ. ಆದರೂ ಹೇಳಲೇಬೇಕು: ಮಾಲಿನ ಟ್ರೇಲರಿನಲ್ಲಿ ಜನರನ್ನು ಕೂರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಅದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ಮರಳು ತಳದಲ್ಲಿ ಕೂತಿರುತ್ತದೆ, ಅಲುಗುವುದಿಲ್ಲ. ಮೂವತ್ತು ಜನ ಎರಡು ಟನ್ನೇ ಆದರೂ ಆ ಭಾರ ಎತ್ತರದಲ್ಲಿರುತ್ತದೆ, ತಿರುವಿನಲ್ಲಿ ಒಟ್ಟಿಗೆ ಒಂದೇ ಪಕ್ಕಕ್ಕೆ ವಾಲುತ್ತದೆ, ಹಿಂದಿನ ಹಲಗೆಗೆ ಎಲ್ಲರೂ ಒರಗಿದರೆ ಕ್ಷಣದಲ್ಲಿ ಹಿಂಭಾರವಾಗುತ್ತದೆ. ಎರಡು ಚಕ್ರದ ಟ್ರೇಲರ್ ನಾಲೆಗೋ ಹಳ್ಳಕ್ಕೋ ಉರುಳಲು ಅಷ್ಟು ಸಾಕು. ಸಾಮಾನು ಟ್ರೇಲರಿನಲ್ಲಿ ಹೋಗಲಿ, ಅಜ್ಜಿ ಮೊಮ್ಮಕ್ಕಳು ಬಸ್ಸಿನಲ್ಲಿ ಹೋಗಲಿ. ಅಡುಗೆಯೂ ಬಿಡಾರವೂ ಮೈಲಾರದ ಬಯಲಿನಲ್ಲಿ ಒಂದಾಗಬಹುದು.

ನಿಮ್ಮ ಜೋಡಿ ಹೊಂದಿದೆಯೋ ಇಲ್ಲವೋ ಎಂಬುದನ್ನು ವೇ ಬ್ರಿಡ್ಜ್ ಹೇಳುತ್ತದೆ. ರೈಸ್ ಮಿಲ್ಲಿಗೆ ಭತ್ತ ಒಯ್ದ ದಿನವೇ ಇದಾಗಲಿ. ಮೊದಲು ಇಂಜಿನ್ ಒಂದನ್ನೇ ತೂಗಿಸಿ. ಆಮೇಲೆ ಹೇರಿದ ಟ್ರೇಲರ್ ಸಮೇತ ಇಡೀ ಜೋಡಿಯನ್ನು. ಕಳೆದರೆ ಟ್ರೇಲರಿನ ಪೂರ್ತಿ ತೂಕ ಸಿಕ್ಕಿತು. ಮೂರನೆಯ ಸಲ ಕೊಂಡಿ ಬಿಚ್ಚದೆ, ಇಂಜಿನ್ನನ್ನು ತಕ್ಕಡಿಯಿಂದ ಮುಂದಕ್ಕೆ ಇಳಿಸಿ, ಟ್ರೇಲರಿನ ಚಕ್ರಗಳಷ್ಟನ್ನೇ ಅದರ ಮೇಲೆ ನಿಲ್ಲಿಸಿ. ಟ್ರೇಲರಿನ ಪೂರ್ತಿ ತೂಕಕ್ಕಿಂತ ಎಷ್ಟು ಕಡಿಮೆ ಬಂತೋ ಅದೇ ನಿಮ್ಮ ಮುಂಭಾರ. ಹತ್ತರಲ್ಲೊಂದು ಪಾಲಿನ ಆಸುಪಾಸಿದ್ದು, ನಿಮ್ಮ ಇಂಜಿನ್ನಿನ ಪುಸ್ತಕದಲ್ಲಿ ಕೊಟ್ಟ ಮಿತಿಯೊಳಗಿದ್ದರೆ ಒಳ್ಳೆಯದು. ಕೊನೆಗೆ ಇಂಜಿನ್ನಿನ ಮುಂದಿನ ಎರಡು ಚಕ್ರಗಳನ್ನಷ್ಟೇ ತಕ್ಕಡಿಗೆ ಹತ್ತಿಸಿ. ಇಂಜಿನ್ನಿನ ತೂಕದ ಐದರಲ್ಲೊಂದು ಪಾಲಿಗಿಂತ ಕಡಿಮೆ ತೋರಿಸಿದರೆ, ಮುಂದೆ ವೇಟ್ ಕಟ್ಟುವ ತನಕ ಆ ಹೊರೆಯೊಂದಿಗೆ ನಾಲೆ ಏರಿ ಹತ್ತಬೇಡಿ.