ಮೂಲಪಾಠ ಮತ್ತು ಮೋಟಾರು ಸೈಕಲ್ಲು

ಹಳೆಯ ಮೋಟಾರು ಸೈಕಲ್ಲನ್ನು ಸಾಕುವುದು ಹವ್ಯಾಸವೆಂದು ಎಲ್ಲರೂ ಒಪ್ಪುತ್ತಾರೆ. ಅದು ಕಲೆಯೆಂದರೆ ಕೆಲವರು ನಗುತ್ತಾರೆ. ಕಲೆಯಾದ ಮೇಲೆ ಅದಕ್ಕೊಂದು ವಿಮರ್ಶೆಯೂ ಬೇಕಲ್ಲವೆ ಎಂದರೆ ಹವ್ಯಾಸಿಗಳೇ ಮುನಿಯುತ್ತಾರೆ. ಹೊಳಪು ಬಂದಿತೆ, ಒಂದೇ ಒದೆತಕ್ಕೆ ಎಂಜಿನು ಎದ್ದಿತೆ ಎಂಬ ಎರಡು ಪ್ರಶ್ನೆಗಳಿಂದಾಚೆಗೆ ಅವರ ಚರ್ಚೆ ಹೋಗುವುದು ಅಪರೂಪ. ಆದರೆ ಹಳೆಯ ಯಂತ್ರವೊಂದನ್ನು ಕೈಗೆತ್ತಿಕೊಂಡವನು ಅದರಲ್ಲಿ ಏನನ್ನು ಉಳಿಸಬೇಕು, ಏನನ್ನು ತೆಗೆಯಬೇಕು, ಏನನ್ನು ಸೇರಿಸಬಹುದು? ಈ ಪ್ರಶ್ನೆ ನಮ್ಮ ಸಾಹಿತ್ಯಕ್ಕೆ ಹೊಸದಲ್ಲ. ತಾಳೆಗರಿಯ ಮುಂದೆ ಕುಳಿತ ಗ್ರಂಥಸಂಪಾದಕನು ತನ್ನನ್ನು ತಾನು ಕೇಳಿಕೊಳ್ಳುವ ಪ್ರಶ್ನೆಯೇ ಇದು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಇರಾನಿ ಮನೆತನದವರು ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದವು. 1996ರಲ್ಲಿ ಅದರ ಬಾಗಿಲು ಮುಚ್ಚಿತು. ಜಾವಾ ಎಂಬುದು ಸಮಾಸಪದ. 1929ರಲ್ಲಿ ಯಾನೆಚೆಕ್ ಎಂಬ ಝೆಕ್ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ಲಿನ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲ ಭಾಗಗಳನ್ನು ಬೆಸೆದ. 1973ರಿಂದ ಮೈಸೂರಿನ ಗಾಡಿ ‘ಯೆಜ್ಡಿ’ ಆಯಿತು. ಇದು ಸವಾರಿ ಎಂಬ ಅರ್ಥದ ಝೆಕ್ ಧಾತುವಿನಿಂದ ಬಂದದ್ದೆಂದು ಕೆಲವರು, ಇರಾನಿನ ಯಜ್ದ್ ಪಟ್ಟಣದಿಂದ ಬಂದದ್ದೆಂದು ಕೆಲವರು ಹೇಳುತ್ತಾರೆ. ಒಂದು ಶಬ್ದಕ್ಕೆ ಎರಡು ನಿಷ್ಪತ್ತಿ. ಇನ್ನು ಪಂಡಿತರಿಗೆ ಬೇರೇನು ಬೇಕು!

ಯಂತ್ರದ ರಚನೆಯಲ್ಲಿಯೂ ಇಂಥ ಚಮತ್ಕಾರವಿದೆ. 250 ಸಿ.ಸಿ. ಗಾತ್ರದ, ಟೂ ಸ್ಟ್ರೋಕ್ ಜಾತಿಯ ಎಂಜಿನು; ಸಿಲಿಂಡರು ಒಂದೇ, ಹೊಗೆಕೊಳವೆಗಳು ಮಾತ್ರ ಎರಡು. ಎಂಜಿನನ್ನು ಎಬ್ಬಿಸುವ ಕಿಕ್ಕರ್ ಸನ್ನೆಯೇ, ಎದ್ದ ಮೇಲೆ ಮುಂದಕ್ಕೆ ಬಾಗಿ ಗೇರು ಬದಲಿಸುವ ಸನ್ನೆಯಾಗುತ್ತದೆ. ಒಂದೇ ಪದದಲ್ಲಿ ಎರಡು ಅರ್ಥ ಹೊಂದಿಸುವುದನ್ನು ನಮ್ಮ ಆಲಂಕಾರಿಕರು ಶ್ಲೇಷೆ ಎಂದರು. ಕಬ್ಬಿಣದಲ್ಲಿ ರಚಿಸಿದ ಶ್ಲೇಷೆಯನ್ನು ನೋಡಬೇಕೆನ್ನುವವರು ಜಾವಾದ ಎಡಮಗ್ಗುಲನ್ನು ನೋಡಬಹುದು.

ಮೈಸೂರಿನಲ್ಲಿ ಹುಟ್ಟಿದ ಈ ಗಾಡಿ ಬಾಳಿದ್ದು ಹೆಚ್ಚಾಗಿ ಸುತ್ತಣ ಸೀಮೆಯಲ್ಲಿ. ಕಾವೇರಿಯನ್ನು ದಾಟಿದರೆ ಶ್ರೀರಂಗಪಟ್ಟಣ, ಅಲ್ಲಿಂದ ಕಬ್ಬಿನ ಗದ್ದೆಗಳ ನಡುವೆ ಪಾಂಡವಪುರ, ಬೆಟ್ಟವೇರಿದರೆ ಪು.ತಿ.ನ. ಅವರ ಮೇಲುಕೋಟೆ, ಪಶ್ಚಿಮಕ್ಕೆ ಹೊರಳಿದರೆ ಕೃಷ್ಣರಾಜಪೇಟೆ ಮತ್ತು ಕೆ. ಎಸ್. ನರಸಿಂಹಸ್ವಾಮಿಯವರ ಕಿಕ್ಕೇರಿ, ಉತ್ತರಕ್ಕೆ ಸೌಮ್ಯಕೇಶವನ ನಾಗಮಂಗಲ. ಈ ನಾಲ್ಕು ತಾಲ್ಲೂಕುಗಳ ಹೊಲದ ದಾರಿಗಳಲ್ಲಿ ಜಾವಾ, ಯೆಜ್ಡಿಗಳು ಹಾಲಿನ ಕ್ಯಾನು ಹೊತ್ತವು, ಗೊಬ್ಬರದ ಮೂಟೆ ಹೊತ್ತವು, ಮದುವೆಯ ದಿಬ್ಬಣಕ್ಕೂ ಹೋದವು. ಈಗ ಅವುಗಳನ್ನು ಹುಡುಕಿಕೊಂಡು ನಗರದ ರಸಿಕರು ಹಳ್ಳಿಗಳಿಗೆ ಬರುತ್ತಾರೆ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ–ಯೆಜ್ಡಿ ದಿನವೆಂದು ಆಚರಿಸುವ ಸಂಪ್ರದಾಯವೂ ಬೆಳೆದಿದೆ. ಅಂದು ಸಾಲಾಗಿ ನಿಂತ ಗಾಡಿಗಳನ್ನು ನೋಡಿದವರಿಗೆ ಈ ಹವ್ಯಾಸದಲ್ಲಿ ಮೂರು ಪಂಥಗಳಿರುವುದು ತಿಳಿಯುತ್ತದೆ.

ಮೊದಲನೆಯದು ಮೂಲಪಾಠದ ಪಂಥ. ಗಾಡಿಯು ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಆಗಬೇಕೆಂಬುದು ಇವರ ಹಟ. ಟ್ಯಾಂಕಿನ ಕೆಂಗಂದು ಬಣ್ಣ, ಅದರಂಚಿನ ಚಿನ್ನದ ಗೆರೆ, ಮೊಣಕಾಲು ತಾಗುವೆಡೆಯ ರಬ್ಬರು, ಹೀಗೆ ಒಂದೊಂದಕ್ಕೂ ಇವರು ಆಧಾರ ಹುಡುಕುತ್ತಾರೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಈ ಶ್ರದ್ಧೆ ಪರಿಚಿತವೇ. ಪ್ರತಿಗಳನ್ನು ಹೋಲಿಸಿ, ಪ್ರಕ್ಷಿಪ್ತವನ್ನು ಬೇರ್ಪಡಿಸಿ, ಕವಿಯ ಮಾತಿಗೆ ಹತ್ತಿರ ಹೋಗುವ ಕೆಲಸ ಅದು. ಇವರಿಲ್ಲದಿದ್ದರೆ ಎಷ್ಟೋ ಗಾಡಿಗಳು ಗುಜರಿಯ ತಕ್ಕಡಿ ಏರಿ ತೂಕಕ್ಕೆ ಮಾರಾಟವಾಗುತ್ತಿದ್ದವು. ಆ ಋಣವನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತನ್ನಾಡಬೇಕು.

ಗ್ರಂಥಸಂಪಾದಕನಿಗೂ ಇವರಿಗೂ ಒಂದು ದೊಡ್ಡ ಅಂತರವಿದೆ. ಸಂಪಾದಕನು ತಾನು ಬಿಟ್ಟ ಪಾಠವನ್ನು ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಓಲೆಯ ಪ್ರತಿಯನ್ನು ಭಂಡಾರಕ್ಕೆ ಹಿಂದಿರುಗಿಸುತ್ತಾನೆ. ಗಾಡಿಯನ್ನು ಹೊಸತು ಮಾಡುವವನ ಕೈಯಲ್ಲಿ ಹಳೆಯ ಪ್ರತಿಯೇ ನಾಶವಾಗುತ್ತದೆ. ಸವೆದ ಸಿಲಿಂಡರನ್ನು ಕೊರೆಸಿ ಸ್ವಲ್ಪ ದೊಡ್ಡ ಪಿಸ್ಟನ್ ಹಾಕುತ್ತಾರೆ. ಹಾಗೆ ಕೆಲವು ಬಾರಿ ಮಾತ್ರ ಕೊರೆಯಬಹುದು, ಕೊರೆದುಹೋದ ಲೋಹ ಹಿಂದಿರುಗುವುದಿಲ್ಲ. ಬಣ್ಣವನ್ನು ಕೆರೆದರೆ ಕೆಳಗಿನ ಬಣ್ಣವೂ ಹೋಗುತ್ತದೆ. ಪಾಂಡವಪುರದ ಕಡೆ ನಾನು ಕಂಡ ಒಂದು ಗಾಡಿಯ ಮುಂದಿನ ಮಡ್‌ಗಾರ್ಡನ್ನು ಗದ್ದೆಯ ಕೆಸರು ಕಟ್ಟಿಕೊಳ್ಳದಿರಲೆಂದು ಕತ್ತರಿಸಿದ್ದರು; ಸವೆದ ಸನ್ನೆಗೆ ಹಿತ್ತಾಳೆಯ ಬುಷ್ ಕಡೆದು ಕೂರಿಸಿದ್ದರು; ಕ್ಯಾನುಗಳು ಉಜ್ಜಿದ ಎರಡು ಮಗ್ಗುಲಲ್ಲೂ ಕಬ್ಬಿಣ ನುಣುಪಾಗಿ ಹೊಳೆಯುತ್ತಿತ್ತು. ವರ್ಷದ ಮೇಲೆ ಅದೇ ಗಾಡಿಯನ್ನು ಮೈಸೂರಿನಲ್ಲಿ ಕಂಡೆ. ಎಲ್ಲವೂ ಸರಿಯಾಗಿತ್ತು, ಸುಂದರವಾಗಿತ್ತು. ಮೂವತ್ತು ವರ್ಷದ ಬದುಕು ಮಾತ್ರ ಲಪ್ಪದ ಕೆಳಗೆ ಹೂತುಹೋಗಿತ್ತು. ಹಾಲು ಹೊತ್ತ ಗಾಡಿಯನ್ನು ಎಂದೂ ಹಾಲು ಹೊರದ ಗಾಡಿಯನ್ನಾಗಿ ಮಾಡುವುದು ಮೂಲಪಾಠವೆ, ಅಥವಾ ಅದೂ ಒಂದು ಪ್ರಕ್ಷೇಪವೆ?

ಎರಡನೆಯದು ಪರಿವರ್ತನೆಯ ಪಂಥ. ಇವರಿಗೆ ಹಳೆಯ ಗಾಡಿ ಕಚ್ಚಾ ವಸ್ತು. ಹ್ಯಾಂಡಲನ್ನು ತಗ್ಗಿಸುವುದು, ಸೀಟನ್ನು ಮೊಟಕುಗೊಳಿಸುವುದು, ಸೈಲೆನ್ಸರಿನ ಒಳತಗಡನ್ನು ಕಿತ್ತು ಸದ್ದು ಹೆಚ್ಚಿಸುವುದು ಇವರ ಪ್ರತಿಭೆ. ಕಥಾವಸ್ತು ಹಳೆಯದಾದರೂ ಕವಿ ಅದನ್ನು ಹೊಸದಾಗಿಸಬಲ್ಲ ಎಂಬುದನ್ನು ಪಂಪ, ರನ್ನರನ್ನು ಓದಿದ ನಾವು ಅಲ್ಲಗಳೆಯಲಾರೆವು. ಆದರೆ ಕ್ಷೇಮೇಂದ್ರನು ಔಚಿತ್ಯವೆಂಬ ಒಂದು ಒರೆಗಲ್ಲನ್ನು ಕೊಟ್ಟಿದ್ದಾನೆ. ಸೊಂಟದ ಡಾಬನ್ನು ಕೊರಳಿಗೆ ಹಾಕಿಕೊಂಡರೆ ನಗೆಪಾಟಲಾಗುವುದೆಂದು ಅವನ ಮತ. ಟೂ ಸ್ಟ್ರೋಕ್ ಎಂಜಿನಿನಲ್ಲಿ ಹೊಗೆಕೊಳವೆಯ ಆಕಾರ, ಉದ್ದಗಳು ಬರಿಯ ಅಲಂಕಾರವಲ್ಲ. ಹೊರಹೋದ ಒತ್ತಡದ ಅಲೆ ಮರಳಿ ಬಂದು, ಉರಿಯದ ಪೆಟ್ರೋಲು ಜಾರಿಹೋಗದಂತೆ ತಡೆಯಬೇಕು. ಅದನ್ನರಿಯದೆ ಕೊಳವೆ ಕತ್ತರಿಸಿದವನಿಗೆ ಸದ್ದು ಹೆಚ್ಚುತ್ತದೆ, ಎಳೆತ ಕುಗ್ಗುತ್ತದೆ. ಅರ್ಥಗೆಟ್ಟ ಶಬ್ದಾಡಂಬರಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ತಯಾರಕನ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮೂ ಹೇಳುತ್ತದೆ. ಕಾಯಿದೆಗೂ ಕಾವ್ಯಮೀಮಾಂಸೆಗೂ ಒಮ್ಮತವಾಗುವುದು ಅಪೂರ್ವ ಸಂಗತಿಯೇ.

ಮೂರನೆಯದನ್ನು ಪಂಥವೆನ್ನುವುದೂ ಕಷ್ಟ. ಅದಕ್ಕೆ ಸಂಘವಿಲ್ಲ, ಸಭೆಯಿಲ್ಲ. ಗಾಡಿ ಓಡುತ್ತಿದೆ, ಆದ್ದರಿಂದ ಓಡಿಸುತ್ತಾರೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ, ಮಸಿ ಕಟ್ಟಿದ ಸೈಲೆನ್ಸರನ್ನು ಆಗಾಗ ಬಿಚ್ಚಿ ಸುಟ್ಟು ಶುಚಿಮಾಡಿ, ಪಾಯಿಂಟಿನ ಸಂದನ್ನು ಕಣ್ಣಳತೆಯಲ್ಲೇ ಹೊಂದಿಸಿ ಹೊರಡುತ್ತಾರೆ. ಬಿಡಿಭಾಗ ಸಿಗದಿದ್ದರೆ ಲೇತ್ ಇಟ್ಟಿರುವವನ ಬಳಿ ಕಡೆಸುತ್ತಾರೆ. ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲದ ಸೀಮೆಯಲ್ಲಿ ಅದೇನು ದೊಡ್ಡದಲ್ಲ. ಅಮೆರಿಕದ ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್’ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ಗೆಳೆಯನ ಬೆಲೆಬಾಳುವ ಗಾಡಿಯ ಹ್ಯಾಂಡಲು ಸಡಿಲವಾದಾಗ, ಬಿಯರು ಡಬ್ಬಿಯ ತಗಡನ್ನು ಕತ್ತರಿಸಿ ಸಂದಿಗೆ ಕೊಟ್ಟರೆ ಸಾಕೆಂದು ನಿರೂಪಕ ಸೂಚಿಸುತ್ತಾನೆ. ಗೆಳೆಯನಿಗೆ ಅದು ಅವಮಾನವಾಗಿ ತೋರುತ್ತದೆ. ಒಬ್ಬನಿಗೆ ತಗಡಿನ ಗುಣ ಕಾಣಿಸಿತು, ಇನ್ನೊಬ್ಬನಿಗೆ ತಗಡಿನ ಕುಲ. ಆ ಗ್ರಂಥದ ತಾತ್ವಿಕ ಭಾಗಗಳು ಎಷ್ಟೋ ಕಡೆ ದೀರ್ಘವಾದುವೆಂದು ನನ್ನ ಅಭಿಪ್ರಾಯ; ಈ ಪ್ರಸಂಗ ಮಾತ್ರ ಸುಲಭವಾಗಿ ಮರೆಯುವಂಥದಲ್ಲ. ಹಿತ್ತಾಳೆಯ ಬುಷ್ ಕಡೆಸಿದ ನಮ್ಮ ರೈತನು ಅದನ್ನು ಓದದೆಯೇ ಅದರ ಸಾರವನ್ನು ಬಲ್ಲ.

ಹಾಗೆಂದು ಈ ಮೂರನೆಯವರನ್ನು ಮೆರೆಸಿ ಭಾವುಕರಾಗಬೇಕಾಗಿಲ್ಲ. ಬಳಕೆಯಿಂದ ಯಂತ್ರ ಸವೆಯುತ್ತದೆ; ಎಣ್ಣೆ ಉರಿಯುವ ಎಂಜಿನಿನ ನೀಲಿ ಹೊಗೆ ಊರಿಗೆ ಒಳ್ಳೆಯದಲ್ಲ; ನಾಳೆ ಮಗನು ಹೊಸ ಗಾಡಿ ಕೊಂಡರೆ ಹಳೆಯದು ಕೊಟ್ಟಿಗೆ ಸೇರುತ್ತದೆ. ಆದರೂ ಅವರ ಕೈಯಲ್ಲಿರುವ ಒಂದು ವಸ್ತು ಉಳಿದಿಬ್ಬರಲ್ಲಿ ಕಡಮೆ: ಗಾಡಿಯೊಡನೆ ದಿನನಿತ್ಯದ ಸಂವಾದ.

ಈಗಿನ ಕಾಲಮಾನ ಆ ಸಂವಾದಕ್ಕೆ ಅನುಕೂಲವಾಗಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ಗೌರವ ನೀಡಿತು. ಮೂಲರೂಪ ಕೆಟ್ಟಿರಬಾರದೆಂಬುದು ಒಂದು ನಿಬಂಧನೆ. ಪ್ರದರ್ಶನ, ರ‍್ಯಾಲಿ ಮುಂತಾದುವಕ್ಕಲ್ಲದೆ ನಿತ್ಯಬಳಕೆಗೆ ಓಡಿಸಬಾರದೆಂಬುದು ಇನ್ನೊಂದು. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಮುಖ್ಯಪಥದಲ್ಲಿ ದ್ವಿಚಕ್ರವಾಹನಗಳಿಗೆ ಪ್ರವೇಶ ನಿಂತಿತು. ಅಪಘಾತಗಳನ್ನು ನೆನೆದರೆ ಆ ಕ್ರಮ ಅಕಾರಣವಲ್ಲ. ಆದರೂ ಶ್ರೀರಂಗಪಟ್ಟಣದ ಪಕ್ಕದಲ್ಲೇ ಹಾದುಹೋಗುವ ಆ ದಾರಿಯಲ್ಲಿ, ಕೂಗಳತೆಯ ಮೈಸೂರಿನಲ್ಲಿ ಹುಟ್ಟಿದ ಗಾಡಿಗೆ ಎಡೆಯಿಲ್ಲ. ಅದು ಪಕ್ಕದ ಸರ್ವೀಸ್ ರಸ್ತೆಯನ್ನು ಹಿಡಿಯಬೇಕು. 1804ರಲ್ಲಿ ಪೂರ್ಣಯ್ಯನವರ ಕಾಲದಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಹಾಗೆ ಈ ಗಾಡಿಯೂ, ನೋಡಲು ಉಳಿದು ನಡೆಯಲು ಉಳಿಯದ ವಸ್ತುಗಳ ಸಾಲಿಗೆ ಸೇರುವ ಅಪಾಯವಿದೆ. ಓದುವವರಿಲ್ಲದ ಕಾವ್ಯಕ್ಕೆ ಎಷ್ಟು ಶುದ್ಧವಾದ ಪಾಠವಿದ್ದೇನು?

ಆದ್ದರಿಂದ ಹವ್ಯಾಸಿಗಳಲ್ಲಿ ನನ್ನ ಬಿನ್ನಹ ಮೂರೇ ಮಾತು. ಗಾಡಿಯನ್ನು ಬಿಚ್ಚುವ ಮುನ್ನ ಅದು ಇದ್ದ ಸ್ಥಿತಿಯನ್ನು ಬರೆದಿಡಿ. ಯಾರು ಓಡಿಸಿದರು, ಯಾವ ಊರಿನಲ್ಲಿ, ಏನನ್ನು ಹೊತ್ತಿತು ಎಂಬುದೂ ಅದರಲ್ಲಿರಲಿ. ತೆಗೆದ ಭಾಗಗಳನ್ನು, ಆ ಹಿತ್ತಾಳೆಯ ಬುಷ್ ಸಹಿತ, ಎಸೆಯದೆ ಕಾಪಿಡಿ. ಅವು ನಿಮ್ಮ ಪಾಠಾಂತರಗಳು. ಕಾರ್ಖಾನೆ ಮುಚ್ಚಿದಾಗ ಇಪ್ಪತ್ತೈದರ ಯುವಕನಾಗಿದ್ದ ಕೆಲಸಗಾರನಿಗೆ ಈಗ ಐವತ್ತು ದಾಟಿ ಎಷ್ಟೋ ಆಯಿತು. ಅವನಂಥವರ, ಊರೂರಿನ ಮೇಸ್ತ್ರಿಗಳ ಬಾಯಿಂದ ಈ ವಿದ್ಯೆಯನ್ನು ಕನ್ನಡದಲ್ಲಿ ಬರೆಸಿಕೊಳ್ಳಿ. ಬಣ್ಣವನ್ನು ಮುಂದಿನ ವರ್ಷವೂ ಹಚ್ಚಬಹುದು. ಈ ಕೆಲಸ ಅಷ್ಟು ದಿನ ಕಾಯಲಾರದು.