‘ಬರ್ತದೆ’ ಅಂದರೆ ಎಷ್ಟು ಬರ್ತದೆ?

ಲಿಂಕ್ಡ್‌ಇನ್‌ನಲ್ಲಿ ಭಾಷೆಗಳ ಕಲಂ ತುಂಬಿಸುವಾಗ ಐದು ಮೆಟ್ಟಿಲಿನ ಒಂದು ಪಟ್ಟಿ ತೆರೆದುಕೊಳ್ಳುತ್ತದೆ. ಕೆಳಗಿನ ಮೆಟ್ಟಿಲು ‘ಎಲಿಮೆಂಟರಿ’, ಮೇಲಿನದು ‘ನೇಟಿವ್ ಆರ್ ಬೈಲಿಂಗ್ವಲ್’. ಬೆಂಗಳೂರಿನಲ್ಲಿ ಕೆಲಸಕ್ಕಿರುವ ನನ್ನ ಉಳ್ಳಾಲದ ಗೆಳೆಯರ ಪ್ರೊಫೈಲುಗಳನ್ನು ಒಮ್ಮೆ ನೋಡುತ್ತಾ ಹೋದೆ. ಇಂಗ್ಲಿಷ್, ಹಿಂದಿ, ಕನ್ನಡ. ಒಬ್ಬ ಆರು ತಿಂಗಳು ಕಲಿತ ಜರ್ಮನ್ ಕೂಡ ಹಾಕಿದ್ದಾನೆ. ತುಳು ಹಾಕಿದವರು ಇಬ್ಬರು. ಬ್ಯಾರಿ ಹಾಕಿದವರು ಒಬ್ಬರೂ ಇಲ್ಲ. ಇದೇ ಗೆಳೆಯರು ಆಫೀಸಿನ ಕ್ಯಾಂಟೀನಿನಲ್ಲಿ ಊರಿನ ಮಾತು ಬಂದರೆ ಸಾಕು, ‘ನಮ್ಮಲ್ಲಿ ಎಲ್ಲರಿಗೂ ಐದಾರು ಭಾಷೆ ಬರ್ತದೆ ಮಾರಾಯ್ರೆ’ ಅಂತ ಎದೆಯುಬ್ಬಿಸುತ್ತಾರೆ.

ಪ್ರೊಫೈಲಿನಲ್ಲಿ ಮೂರು, ಕ್ಯಾಂಟೀನಿನಲ್ಲಿ ಆರು. ಯಾವ ಲೆಕ್ಕ ಸರಿ? ನನ್ನ ಪ್ರಕಾರ ಎರಡೂ ತಪ್ಪು. ಒಂದು ಕಾಗದವಿಲ್ಲದ ಭಾಷೆಯನ್ನು ಸೊನ್ನೆ ಮಾಡುತ್ತದೆ. ಇನ್ನೊಂದು ‘ಬರ್ತದೆ’ ಅನ್ನುವ ಒಂದೇ ಪದದಡಿ ಏನೇನನ್ನೋ ಮುಚ್ಚಿಡುತ್ತದೆ.

ಮೊದಲು ಸರ್ಕಾರದ ಲೆಕ್ಕ ನೋಡೋಣ. 2011ರ ಜನಗಣತಿಯಲ್ಲಿ ಮಾತೃಭಾಷೆ ಬರೆದಾದ ಮೇಲೆ ಗೊತ್ತಿರುವ ಬೇರೆ ಭಾಷೆಗಳಿಗೆ ಎರಡೇ ಜಾಗ. ಓದು ಬರಹ ಬರಬೇಕೆಂದೇನಿಲ್ಲ, ಅರ್ಥ ಮಾಡಿಕೊಂಡು ಮಾತಾಡಿದರೆ ಸಾಕು. ಹೀಗೆ ಎಣಿಸಿದಾಗ ದೇಶದ ಜನರಲ್ಲಿ ಸುಮಾರು 26 ಶೇಕಡ ಮಂದಿಗೆ ಕನಿಷ್ಠ ಎರಡು ಭಾಷೆ, ಸುಮಾರು 7 ಶೇಕಡ ಮಂದಿಗೆ ಮೂರು ಭಾಷೆ ಗೊತ್ತು ಅಂತ ಬಂತು. ನಾಲ್ಕು ಗೊತ್ತಿದ್ದವರು ಎಷ್ಟು? ಕೇಳಿಯೇ ಇಲ್ಲವಲ್ಲ! ಉಳ್ಳಾಲದಲ್ಲಿ ಬುಟ್ಟಿ ಹೊತ್ತು ಮೀನು ಮಾರುವ ಮೊಗವೀರ ಹೆಂಗಸಿಗೆ ಮನೆಯಲ್ಲಿ ತುಳು. ಒಂದೇ ಮೀನನ್ನು ತುಳುವರ ಮನೆ ಮುಂದೆ ‘ಬೂತಾಯಿ’ ಅನ್ನುವವಳಿಗೆ, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರ ಮನೆಯಲ್ಲಿ ಅದು ‘ತಾರ್ಲೆ’, ತಲಪಾಡಿ ಗಡಿ ದಾಟಿದರೆ ‘ಮತ್ತಿ’ ಅನ್ನುವುದೂ ಗೊತ್ತು. ಬ್ಯಾರಿ ಮನೆಗಳ ಮಾತು ಕಿವಿಗೆ ಬಿದ್ದು ಬಿದ್ದು ತಿಳಿದಿದೆ. ಕನ್ನಡವಂತೂ ಇದ್ದೇ ಇದೆ. ಗಣತಿಯವರ ಫಾರ್ಮು ಮೂರಕ್ಕೆ ಮುಗಿಯಿತು. ಲಿಂಕ್ಡ್‌ಇನ್‌ ಅವಳಿಗೆ ಸಂಬಂಧವೇ ಇಲ್ಲದ ವಿಷಯ.

ಎಣಿಸುವುದಕ್ಕೆ ಇನ್ನೊಂದು ಕಷ್ಟವೂ ಇದೆ. ಯಾವುದನ್ನು ‘ಒಂದು ಭಾಷೆ’ ಅನ್ನಬೇಕು? ಬ್ಯಾರಿಯ ಅಡಿಪಾಯ ಮಲಯಾಳಕ್ಕೆ ಹತ್ತಿರ, ಪದಗಳಲ್ಲಿ ತುಳು ಮತ್ತು ಅರಬಿ ಧಾರಾಳ. ಅದು ಮಲಯಾಳದ ಉಪಭಾಷೆಯೋ ಸ್ವತಂತ್ರ ಭಾಷೆಯೋ ಅನ್ನುವ ವಾದ ಹಳೆಯದು. 2007ರಲ್ಲಿ ಕರ್ನಾಟಕ ಸರ್ಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿತು. 2011ರ ಸಾಲಿನ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನು ‘ಬ್ಯಾರಿ’ ಸಿನಿಮಾ ಮರಾಠಿ ಚಿತ್ರವೊಂದರ ಜೊತೆ ಹಂಚಿಕೊಂಡಿತು. ಹಾಗಾದರೆ ಬ್ಯಾರಿಯೂ ಮಲಯಾಳವೂ ಬರುವ ಹುಡುಗಿಗೆ ಗೊತ್ತಿರುವುದು ಒಂದೋ, ಎರಡೋ? ಉತ್ತರ ವ್ಯಾಕರಣದಲ್ಲಿ ಸಿಗುವುದಕ್ಕಿಂತ ಹೆಚ್ಚಾಗಿ ಯಾರ ಭಾಷೆಗೆ ಅಕಾಡೆಮಿ ಉಂಟು, ಯಾರದಕ್ಕೆ ಇಲ್ಲ ಎಂಬಲ್ಲಿ ಸಿಗುತ್ತದೆ. ಅದೇ ಗಣತಿಯಲ್ಲಿ 18,46,427 ಜನ ತುಳು ನಮ್ಮ ಮಾತೃಭಾಷೆ ಅಂದರು. ಹಾಗಿದ್ದೂ ತುಳು ಸಂವಿಧಾನದ ಎಂಟನೇ ಪರಿಚ್ಛೇದದ ಹೊರಗೇ ನಿಂತಿದೆ.

ಸರ್ಕಾರವನ್ನು ಬೈಯ್ಯುವುದು ಸುಲಭ. ನಮ್ಮ ಹೆಮ್ಮೆಯನ್ನೂ ಸ್ವಲ್ಪ ಕೆದಕಬೇಕು.

‘ಎಲ್ಲರಿಗೂ ಎಲ್ಲ ಭಾಷೆ ಬರ್ತದೆ’ ಅನ್ನುವುದು ನಿಜವಾ? ತೊಕ್ಕೊಟ್ಟು ಜಂಕ್ಷನಿನಲ್ಲಿ ಅರ್ಧ ಗಂಟೆ ನಿಂತು ಕೇಳಿ. ಬ್ಯಾರಿ ಅಂಗಡಿಯವರು ತುಳುವರ ಜೊತೆ ಸಲೀಸಾಗಿ ತುಳು ಮಾತಾಡುತ್ತಾರೆ. ಕೊಂಕಣಿ ಮನೆಯವರೂ ಅಷ್ಟೆ. ತಿರುಗಿ ಬ್ಯಾರಿ ಮಾತಾಡುವ ತುಳುವರು, ಕೊಂಕಣಿ ಮಾತಾಡುವ ತುಳುವರು ಎಷ್ಟು ಸಿಗುತ್ತಾರೆ? ‘ಅರ್ಥ ಆಗ್ತದೆ’ ಅನ್ನುವವರು ಸಿಗುತ್ತಾರೆ, ಅಷ್ಟೆ. ಬೆಂಗಳೂರಿಗೆ ಹೋದರೆ ಆ ತುಳುವರೇ ಕನ್ನಡಕ್ಕೆ, ಮೀಟಿಂಗಿನಲ್ಲಿ ಇಂಗ್ಲಿಷಿಗೆ ಬದಲಾಗಬೇಕು. ಅವರ ಮ್ಯಾನೇಜರು ತುಳು ಕಲಿಯುವುದಿಲ್ಲ. ಅಂದರೆ ಭಾಷೆ ಕಲಿಯುವ ಭಾರ ಯಾವಾಗಲೂ ಕೆಳಗಿನಿಂದ ಮೇಲಕ್ಕೇ ಹೋಗುತ್ತದೆ. ಸಂಖ್ಯೆಯಲ್ಲೋ ಹಣದಲ್ಲೋ ಕಡಿಮೆ ಇರುವವರು ಇನ್ನೊಬ್ಬರ ಭಾಷೆ ಕಲಿಯುತ್ತಾರೆ. ಒಬ್ಬರಿಗೆ ಆರು ಭಾಷೆ ಬರುತ್ತದೆ ಅಂದರೆ ಅವರು ಪ್ರತಿಭಾವಂತರು ಅನ್ನುವುದು ಅರ್ಧ ಮಾತು. ಅವರ ಮಾತಿಗಾಗಿ ಬೇರೆಯವರು ಕಷ್ಟಪಟ್ಟಿಲ್ಲ ಅನ್ನುವುದು ಉಳಿದರ್ಧ.

ಹಾಗಾಗಿಯೇ ವೇದಿಕೆ ಭಾಷಣಗಳಲ್ಲಿ ‘ಬಹುಭಾಷಾ ಸೌಹಾರ್ದದ ನಾಡು’ ಅನ್ನುವಾಗ ನನಗೆ ಸ್ವಲ್ಪ ಕಸಿವಿಸಿ. ಮೀನು, ಬಾಡಿಗೆ, ಬಸ್ಸು, ಕ್ರಿಕೆಟ್ಟು ಇಷ್ಟಕ್ಕೆ ಹಂಚಿಕೊಂಡ ಭಾಷೆ ಪೇಟೆಯ ಭಾಷೆ. ಅದು ಬೇಕು, ಇಲ್ಲದಿದ್ದರೆ ಊರು ನಡೆಯುವುದಿಲ್ಲ. ಆದರೆ ಇನ್ನೊಬ್ಬರ ಮನೆಯೊಳಗಿನ ಮಾತು, ಸಾವಿನ ಮನೆಯಲ್ಲಿ ಆಡುವ ಮಾತು ನಮಗೆ ಬರುವುದಿಲ್ಲ. ಕರಾವಳಿಯಲ್ಲಿ ಗಲಾಟೆಯಾಗಿ ಅಂಗಡಿ ಬಾಗಿಲು ಹಾಕಿದ ದಿನ ಪೇಟೆಯ ಭಾಷೆಯೂ ಬಾಗಿಲು ಹಾಕಿಕೊಳ್ಳುತ್ತದೆ ಎಂಬುದನ್ನು ನಾವೆಲ್ಲ ನೋಡಿದ್ದೇವೆ.

ಇನ್ನು ‘ಎಷ್ಟು ಚೆನ್ನಾಗಿ’ ಅನ್ನುವ ಪ್ರಶ್ನೆ. ಇಲ್ಲಿ ನಮ್ಮ ಕಡೆಯ ಕನ್ನಡವೇ ಒಳ್ಳೆಯ ಪಾಠ. ‘ನೀವು ಮಂಗಳೂರಿನವರು ಶುದ್ಧ ಕನ್ನಡ ಮಾತಾಡ್ತೀರಿ’ ಅಂತ ಬೆಂಗಳೂರಿನಲ್ಲಿ ಹೊಗಳುತ್ತಾರೆ. ಸಿನಿಮಾದಲ್ಲಿ ಅದೇ ಕನ್ನಡಕ್ಕೆ ನಗುತ್ತಾರೆ. ಎರಡಕ್ಕೂ ಕಾರಣ ಒಂದೇ. ಹೆಚ್ಚಿನವರಿಗೆ ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ. ಕನ್ನಡ ಬಂದದ್ದು ಶಾಲೆಯ ಪುಸ್ತಕದಿಂದ, ಯಕ್ಷಗಾನದ ಮಾತಿನಿಂದ. ಪುಸ್ತಕದಿಂದ ಬಂದದ್ದು ಪುಸ್ತಕದ ಹಾಗೆಯೇ ಕೇಳುತ್ತದೆ. ನಮ್ಮ ‘ಶುದ್ಧತೆ’ ಅಂದರೆ ಅದು ನಮ್ಮ ಮನೆಮಾತಲ್ಲ ಎಂಬುದರ ಗುರುತು.

ಹಾಗಂತ ಅದು ಎರಡನೇ ದರ್ಜೆಯ ಕನ್ನಡವಾ? ತಾಳಮದ್ದಳೆಗೆ ಹೋಗಿ ಕುಳಿತುಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯಿಲ್ಲ. ಮನೆಯಲ್ಲಿ ತುಳು ಮಾತಾಡುವವರು ರಾತ್ರಿಯಿಡೀ ಕನ್ನಡದಲ್ಲಿ ಕೃಷ್ಣನಾಗಿ, ಕೌರವನಾಗಿ ಆಶುವಾಗಿ ವಾದಿಸುತ್ತಾರೆ. ಉಳ್ಳಾಲದಿಂದ ಸ್ವಲ್ಪ ದಕ್ಷಿಣಕ್ಕೆ, ಈಗ ಕೇರಳದಲ್ಲಿರುವ ಮಂಜೇಶ್ವರದಲ್ಲಿ ಬಾಳಿದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕನ್ನಡ ಕಾವ್ಯಕ್ಕೆ ಆದಿಪ್ರಾಸ ಬೇಡ ಎಂದು ಧೈರ್ಯ ಮಾಡಿದವರು ಅವರು. ಅವರಿಗೆ ಇಪ್ಪತ್ತಕ್ಕೂ ಹೆಚ್ಚು ಭಾಷೆ ಬರುತ್ತಿತ್ತಂತೆ ಎಂದು ಶಾಲೆಯಲ್ಲಿ ನಮಗೆಲ್ಲ ಬಾಯಿಪಾಠ ಮಾಡಿಸಿದರು. ಸಂಖ್ಯೆ ನೆನಪುಳಿಯಿತು. ಆ ಭಾಷೆಗಳಿಂದ ಅವರು ಏನು ಮಾಡಿದರು, ಯಾವುದರಲ್ಲಿ ಓದಿದರು, ಯಾವುದರಲ್ಲಿ ಹರಟಿದರು, ಯಾವುದರಲ್ಲಿ ಬರೆದರು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ಕಲಿಯಬೇಕಾಗಿದ್ದದ್ದು ಅದು.

ಭಾಷಾಶಾಸ್ತ್ರದಲ್ಲೂ ಈ ಜಗಳ ಉಂಟು. 1933ರಲ್ಲಿ ಅಮೆರಿಕದ ಬ್ಲೂಮ್‌ಫೀಲ್ಡ್, ಎರಡು ಭಾಷೆಗಳ ಮೇಲೂ ಅದನ್ನು ಹುಟ್ಟಿನಿಂದ ಆಡುವವರಷ್ಟೇ ಹಿಡಿತ ಇದ್ದರೆ ಮಾತ್ರ ದ್ವಿಭಾಷಿಕತೆ ಎಂಬ ಅರ್ಥದಲ್ಲಿ ವ್ಯಾಖ್ಯಾನಿಸಿದರು. 1989ರಲ್ಲಿ ಫ್ರಾನ್ಸ್ವಾ ಗ್ರೋಜಾನ್ ಇದನ್ನು ತಿರುಗಿಸಿದರು: ಎರಡು ಭಾಷೆಯವರು ಅಂದರೆ ಒಂದು ಭಾಷೆಯ ಇಬ್ಬರನ್ನು ಒಂದೇ ಮೈಯಲ್ಲಿ ಅಂಟಿಸಿದ ಹಾಗಲ್ಲ, ಒಂದೊಂದು ಕೆಲಸಕ್ಕೆ, ಒಂದೊಂದು ಸಂಬಂಧಕ್ಕೆ ಒಂದೊಂದು ಭಾಷೆ ಬೆಳೆಯುತ್ತದೆ. ಉಳ್ಳಾಲದ ಬ್ಯಾರಿ ಹುಡುಗಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಮ್ಮನ ಜೊತೆ ಬ್ಯಾರಿ, ಮದ್ರಸದಲ್ಲಿ ಅರಬಿ ಲಿಪಿಯಲ್ಲಿ ಬರೆದ ಮಲಯಾಳ, ಶಾಲೆಯಲ್ಲಿ ಕನ್ನಡ ಇಂಗ್ಲಿಷ್, ಬಸ್ಸಿನಲ್ಲಿ ತುಳು. ಯಾವುದೂ ಪೂರ್ತಿ ಅಲ್ಲ, ಯಾವುದೂ ಅರೆಬರೆಯೂ ಅಲ್ಲ. ನಾನು ಗ್ರೋಜಾನ್ ಪಕ್ಷ.

ಆದರೆ ಆ ಪಕ್ಷಕ್ಕೂ ಒಂದು ಅಪಾಯ ಉಂಟು. ‘ಕೆಲಸಕ್ಕೆ ತಕ್ಕಷ್ಟು ಬಂದರೆ ಸಾಕು’ ಅನ್ನುತ್ತಾ ಕುಳಿತರೆ, ಕೆಲಸ ದೊಡ್ಡದಾದ ದಿನ ಭಾಷೆ ಕೈಕೊಡುತ್ತದೆ. ಊರಿನ ಒಂದು ಆಸ್ಪತ್ರೆಯ ವಾರ್ಡಿನಲ್ಲಿ ನಾನು ನೋಡಿದ್ದು ಇದು. ಹೊಟ್ಟೆನೋವೆಂದು ಬಂದ ಎಪ್ಪತ್ತು ದಾಟಿದ ತುಳು ಅಜ್ಜಿ. ಉತ್ತರದ ಕಡೆಯಿಂದ ಓದಲು ಬಂದ ಡಾಕ್ಟರಿಗೆ ಹಿಂದಿ, ಇಂಗ್ಲಿಷ್ ಮಾತ್ರ. ಅಜ್ಜಿ ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಎಳೆಯುತ್ತದೆ, ಯಾವಾಗ ಉರಿ, ಯಾವಾಗ ಚುಚ್ಚು ಅಂತ ಬಿಡಿಸಿ ಬಿಡಿಸಿ ಹೇಳಿದರು. ಪಕ್ಕದಲ್ಲಿದ್ದ ಇಂಜಿನಿಯರ್ ಮೊಮ್ಮಗ ಇಂಗ್ಲಿಷಿನಲ್ಲಿ ಹೇಳಿದ್ದು ಎರಡೇ ಪದ: ‘ಸ್ಟಮಕ್ ಪೇಯ್ನ್’. ಅವನಿಗೆ ತುಳುವಿನ ‘ಬಂಜಿಬೇನೆ’ ಗೊತ್ತು. ಅದರೊಳಗಿನ ಬಗೆಗಳು ಗೊತ್ತಿಲ್ಲ. ಕೊನೆಗೆ ನೆಲ ಒರೆಸುತ್ತಿದ್ದ ಹೌಸ್‌ಕೀಪಿಂಗ್ ಹೆಂಗಸು ಬಂದು, ತನ್ನ ಒರಟು ಹಿಂದಿಯಲ್ಲೇ, ಅಜ್ಜಿ ಹೇಳಿದ್ದನ್ನು ಒಂದೂ ಬಿಡದೆ ಡಾಕ್ಟರಿಗೆ ದಾಟಿಸಿದರು. ಆಮೇಲೆ ಇಂಗ್ಲಿಷ್ ಒಪ್ಪಿಗೆಪತ್ರ ಬಂತು. ಅದನ್ನು ಯಾರೂ ದಾಟಿಸಲಿಲ್ಲ. ಅಜ್ಜಿ ಹೆಬ್ಬೆಟ್ಟು ಒತ್ತಿದರು.

ಆ ಮೂವರಲ್ಲಿ ‘ಚೆನ್ನಾಗಿ ಭಾಷೆ ಬರುವವರು’ ಯಾರು? ಲಿಂಕ್ಡ್‌ಇನ್ ಪ್ರಕಾರ ಮೊಮ್ಮಗ. ಆ ಐದು ಮೆಟ್ಟಿಲಿನ ಹೆಸರುಗಳು ಅಮೆರಿಕ ಸರ್ಕಾರದ ಅಳತೆಪಟ್ಟಿಯವು. ಅದರ ಬೇರು 1950ರ ದಶಕದ ವಿದೇಶಾಂಗ ಸೇವೆಯಲ್ಲಿದೆ. ರಾಜತಾಂತ್ರಿಕರನ್ನು ಅಳೆಯಲು ಹೊಲಿದ ಅಂಗಿ ವಾರ್ಡಿನ ಹೆಂಗಸಿಗೆ ಹೇಗೆ ಹೊಂದೀತು? ಯುರೋಪಿನ ಎ1-ಸಿ2 ಅಳತೆ ಬೇರೆ ದಾರಿ ಹಿಡಿಯಿತು. 2001ರ ಆ ಚೌಕಟ್ಟಿನಲ್ಲೇ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದೂ ಒಂದು ಭಾಷಾ ಸಾಮರ್ಥ್ಯ ಎಂದು ಒಪ್ಪಿಕೊಂಡರು. ಅದನ್ನು ಅಳೆಯುವ ವಿವರಗಳನ್ನು 2018ರಲ್ಲಿ ಸೇರಿಸಿದರು. ನಮ್ಮೂರಿನ ನಿಜವಾದ ಬಂಡವಾಳ ಆರು ಭಾಷೆ ಬರುವುದಲ್ಲ, ಈ ದಾಟಿಸುವ ಸಾಮರ್ಥ್ಯ. ಅದಕ್ಕೆ ಸಂಬಳವೂ ಇಲ್ಲ, ಹೆಸರೂ ಇಲ್ಲ. ದೇರಳಕಟ್ಟೆಯ ಸುತ್ತ ಇಷ್ಟು ಮೆಡಿಕಲ್ ಕಾಲೇಜುಗಳಿವೆ, ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯ ಉಂಟು, ಮುಡಿಪುವಿನಲ್ಲಿ ಇನ್ಫೋಸಿಸ್ ಉಂಟು. ವಾರ್ಡಿನ ದುಭಾಷಿ ಅನ್ನುವುದು ಒಂದು ಹುದ್ದೆಯಾಗಲು ಇನ್ನೇನು ಬೇಕು?

ಆ ಮೊಮ್ಮಗನನ್ನು ಬೈಯ್ಯಲು ಇದನ್ನು ಬರೆಯುತ್ತಿಲ್ಲ. ನಮ್ಮ ತಲೆಮಾರಿನ ಹೆಚ್ಚಿನವರು ಅವನ ಹಾಗೆಯೇ. ನಮಗೆ ಅಜ್ಜಿಯ ಭಾಷೆಯಲ್ಲಿ ತಮಾಷೆ, ಊಟ, ಬೈಗುಳ ಬರುತ್ತದೆ. ಕಾಯಿಲೆ, ಆಸ್ತಿ, ಭಯ ಬರುವುದಿಲ್ಲ. ನಮ್ಮ ಮಕ್ಕಳಿಗೆ ತಮಾಷೆಯೂ ಉಳಿಯದೆ ‘ಅರ್ಥ ಆಗ್ತದೆ’ ಮಾತ್ರ ಉಳಿದೀತು. ಭಾಷೆ ಸಾಯುವುದು ಒಂದೇ ದಿನದಲ್ಲಲ್ಲ. ಒಂದೊಂದೇ ಕೆಲಸದಿಂದ ರಿಟೈರ್ ಆಗುತ್ತಾ ಹೋಗುತ್ತದೆ.

ಹಾಗಾಗಿ ಇನ್ನು ಯಾರಾದರೂ ‘ಎಷ್ಟು ಭಾಷೆ ಬರ್ತದೆ?’ ಅಂದರೆ ಸಂಖ್ಯೆ ಹೇಳುವುದು ಬೇಡ. ಬದಲಿಗೆ ಮೂರು ಪ್ರಶ್ನೆ ಕೇಳಿಕೊಳ್ಳೋಣ. ನನ್ನಿಂದ ಏನೂ ಲಾಭವಿಲ್ಲದ ಯಾರ ಭಾಷೆಯನ್ನಾದರೂ ನಾನು ಕಲಿತಿದ್ದೇನಾ? ಪೇಟೆಯ ಲೆಕ್ಕ ಮುಗಿದ ಮೇಲೆ ಆ ಭಾಷೆಯಲ್ಲಿ ಹೇಳಲು ನನ್ನಲ್ಲಿ ಏನಾದರೂ ಉಂಟಾ? ನನ್ನ ಮನೆಯ ಹಿರಿಯರ ನೋವನ್ನು, ಒಂದು ಬಗೆಯೂ ಬಿಟ್ಟುಹೋಗದ ಹಾಗೆ, ಡಾಕ್ಟರಿಗೆ ಹೇಳಬಲ್ಲೆನಾ? ಮೂರಕ್ಕೂ ಹೌದು ಅನ್ನಲು ಆರು ಭಾಷೆ ಬೇಕಾಗಿಲ್ಲ. ಎರಡು ಸಾಕು. ಆದರೆ ಆ ಎರಡು ಸರಿಯಾಗಿ ಬೇಕು.